ಮೂರನೇ ಕಾಲಂ: ಒಂದು ಮನವಿಗೆ ಸಾಲುಸಾಲು ವ್ಯಾಖ್ಯಾನ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಗೆ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುತ್ತಾನೆ. ಒಂದೇ ಸಾಲು. ಜನ ಕಾರಣಿಕದ ಜಾಗವಾದ ಡೆಂಕನ ಮರಡಿಯಿಂದ ಮನೆ ಸೇರುವಷ್ಟರಲ್ಲಿ ಅದಕ್ಕೆ ಹತ್ತು ಅರ್ಥ ಹುಟ್ಟಿರುತ್ತವೆ. ರೈತ ಮಳೆ ಅಂತಾನೆ, ದಲ್ಲಾಳಿ ಧಾರಣೆ ಅಂತಾನೆ, ರಾಜಕಾರಣಿ ಕುರ್ಚಿ ಅಂತಾನೆ. ಅದರ ಆಸುಪಾಸಿನಲ್ಲೇ ಬೆಂಗಳೂರಿನಲ್ಲಿ ರಾಜ್ಯ ಬಜೆಟ್. ಅದೂ ನಮ್ಮ ಕಿವಿಗೆ ಬೀಳುವುದು ಒಂದೇ ಸಾಲಾಗಿ: ಶಿಕ್ಷಣಕ್ಕೆ ಇಷ್ಟು ಸಾವಿರ ಕೋಟಿ. ಅದರ ಅರ್ಥ ಏನೆಂದು ಮಾತ್ರ ದಾರಿಯಲ್ಲಿ ಯಾರೂ ಜಗಳ ಆಡುವುದಿಲ್ಲ.

ಆ ಜಗಳಕ್ಕೊಂದು ನೆಪವಾಗಿ ಈ ಮನವಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಯಾವ ಊರಿನ ತಂದೆ ತಾಯಂದಿರಾದರೂ ಬರೆದುಕೊಡಬಹುದಾದ ಎಂಟು ಸಾಲು. ಜೋಡಿಸಿದವನು ನಾನೇ, ಪ್ರತಿ ಸಾಲೂ ಹೀಗೇ ಯಾಕಿರಬೇಕು ಎಂಬುದನ್ನು ಕೆಳಗೆ ಬಿಡಿಸಿದ್ದೇನೆ.

ಸಾಲು 1
“ವಿಷಯ: ರಾಜ್ಯ ಬಜೆಟ್‌ನಲ್ಲಿ ಶಿಕ್ಷಣದ ಪಾಲು ಕುಗ್ಗದಂತೆ ನೋಡಿಕೊಳ್ಳುವ ಕುರಿತು.”

ಈ ಸಾಲಿನ ಜೀವ ‘ಪಾಲು’ ಎಂಬ ಪದದಲ್ಲಿದೆ. ‘ಹಣ ಕಡಿತ ಮಾಡಬೇಡಿ’ ಎಂದು ಬರೆದರೆ, ‘ಎಲ್ಲಿ ಕಡಿತ? ಹೋದ ವರ್ಷಕ್ಕಿಂತ ಜಾಸ್ತಿ ಕೊಟ್ಟಿದ್ದೇವಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಸುಳ್ಳೂ ಅಲ್ಲ. 2024-25ರ ಬಜೆಟ್‌ನಲ್ಲಿ ಶಿಕ್ಷಣಕ್ಕೆ ಇಟ್ಟದ್ದು 44,422 ಕೋಟಿ ರೂಪಾಯಿ. 2025ರ ಮಾರ್ಚ್ 7ರಂದು ಮಂಡನೆಯಾದ ಬಜೆಟ್‌ನಲ್ಲಿ 45,286 ಕೋಟಿ. ಆದರೆ ಅದೇ ವರ್ಷ ಒಟ್ಟು ಬಜೆಟ್ 3,71,383 ಕೋಟಿಯಿಂದ 4,09,549 ಕೋಟಿಗೆ ಏರಿತು. ಇಡೀ ಬಜೆಟ್ ನೂರಕ್ಕೆ ಹತ್ತರಷ್ಟು ಬೆಳೆದರೆ ಶಿಕ್ಷಣದ ಹಣ ಬೆಳೆದದ್ದು ನೂರಕ್ಕೆ ಎರಡು. ಸರ್ಕಾರದ ನೂರು ರೂಪಾಯಿಯಲ್ಲಿ ಶಾಲೆಗೆ ಸಿಗುತ್ತಿದ್ದ ಹನ್ನೆರಡು ಹನ್ನೊಂದಾಯಿತು. ಹೊಲ ಹೆಚ್ಚಾದ ವರ್ಷವೇ ಪಾಲು ಕಡಿಮೆಯಾದರೆ ಒಕ್ಕಲು ಮನೆಯಲ್ಲಿ ಅದಕ್ಕೆ ಏನನ್ನುತ್ತಾರೋ ಅದೇ ಇದು.

ಸಾಲು 2
“ಉಲ್ಲೇಖ: ಶಿಕ್ಷಣ ಹಕ್ಕು ಕಾಯ್ದೆ 2009ರ 21, 22, 25 ಮತ್ತು 26ನೇ ಕಲಮುಗಳು, ಸಂವಿಧಾನದ 371ಜೆ ವಿಧಿ.”

ಉಲ್ಲೇಖ ಇಲ್ಲದ ಅರ್ಜಿ ಕಚೇರಿಯಲ್ಲಿ ಬೇಡಿಕೆಯಾಗುವುದಿಲ್ಲ, ಕೋರಿಕೆಯಾಗಿಯೇ ಉಳಿಯುತ್ತದೆ. ಕಾಯ್ದೆಯ ಮುಖ್ಯ ಕಲಮುಗಳು ಮುಂದೆ ಬರುತ್ತವೆ. 371ಜೆ ಬಗ್ಗೆ ಈ ಸೀಮೆಯವರಿಗೆ ಪಾಠ ಬೇಕಿಲ್ಲ. ಹರಪನಹಳ್ಳಿಯವರಿಗಂತೂ ಬೇಡವೇ ಬೇಡ. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಈ ತಾಲ್ಲೂಕು ಬಳ್ಳಾರಿಯಿಂದ ಅಲ್ಲಿಗೆ ಹೋಯಿತು. 2012ರಲ್ಲಿ ಸಂಸತ್ತು 98ನೇ ತಿದ್ದುಪಡಿ ಒಪ್ಪಿ ಈ ವಿಧಿಯ ಮೂಲಕ ಹೈದರಾಬಾದ್ ಕರ್ನಾಟಕಕ್ಕೆ (ಈಗಿನ ಕಲ್ಯಾಣ ಕರ್ನಾಟಕಕ್ಕೆ) ವಿಶೇಷ ಸ್ಥಾನ ಕೊಟ್ಟಾಗ ಬಳ್ಳಾರಿ ಒಳಗಿತ್ತು, ಹರಪನಹಳ್ಳಿ ಹೊರಗೆ. ವರ್ಷಗಟ್ಟಲೆ ಹೋರಾಡಿದ ಮೇಲೆ ತಾಲ್ಲೂಕು ಬಳ್ಳಾರಿಗೆ ಮರಳಿತು. 2021ರಲ್ಲಿ ಮೇಲೆ ಹೇಳಿದ ಉಳಿದ ನಾಲ್ಕು ತಾಲ್ಲೂಕುಗಳ ಜೊತೆ ವಿಜಯನಗರ ಜಿಲ್ಲೆ ಸೇರಿತು. ಈ ವಿಧಿಯಡಿ ಇಲ್ಲಿನ ‘ಸಿ’ ದರ್ಜೆಯ ನೇಮಕದಲ್ಲಿ ನೂರಕ್ಕೆ 80 ಹುದ್ದೆ ಸ್ಥಳೀಯರಿಗೆ. ಆದರೆ ನೇಮಕವೇ ನಡೆಯದಿದ್ದರೆ ಆ ಎಂಬತ್ತು ಬರೀ ಕಾಗದದ ಮೇಲಿನ ಎಂಬತ್ತು. ಆದ್ದರಿಂದ 371ಜೆ ಉಲ್ಲೇಖದಲ್ಲಿ ಮೀಸಲಾತಿಯನ್ನಷ್ಟೇ ಕೇಳಿ ಬಿಡಬಾರದು, ನೇಮಕವನ್ನೂ ಕೇಳಬೇಕು.

ಸಾಲು 3
“ನಾವು ಈ ಶಾಲೆಯ ಮಕ್ಕಳ ತಂದೆ ತಾಯಂದಿರು ಹಾಗೂ ಎಸ್‌ಡಿಎಂಸಿ ಸದಸ್ಯರು.”

‘ಬಡವರು, ಕೂಲಿಕಾರರು, ದಯವಿಟ್ಟು ಕರುಣೆ ತೋರಿ’ ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಕರ್ನಾಟಕದಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, 2001ರಿಂದ ಇದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗೆ ದೇಶದಾದ್ಯಂತ ಕಾನೂನಿನ ಬಲ ಕೊಟ್ಟಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಣ್ಣುಮಕ್ಕಳು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಅವರ ಕೆಲಸ, ಆ ಯೋಜನೆಯೇ ಅನುದಾನಕ್ಕೆ ಆಧಾರ ಎಂದು 22ನೇ ಕಲಮು ಹೇಳುತ್ತದೆ. ಕೇಳುವುದು ಇವರ ಹುದ್ದೆಯ ಕರ್ತವ್ಯ.

ಕಾಲದ ಮಾತೂ ಇದೆ. ಇಲಾಖೆಗಳ ಬೇಡಿಕೆ ಹಣಕಾಸು ಇಲಾಖೆಗೆ ಹೋಗುವುದು ಚಳಿಗಾಲದಲ್ಲಿ. ಮಾರ್ಚ್‌ನಲ್ಲಿ ಕೊಟ್ಟ ಮನವಿ ಸುಗ್ಗಿ ಮುಗಿದ ಮೇಲೆ ಬಿತ್ತಿದಂತೆ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ತಾಂಡಾಗಳವರು ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೊರಡುವ ಹೊತ್ತೂ ಆ ಚಳಿಗಾಲವೇ. ಸಹಿ, ಹೆಬ್ಬೆಟ್ಟು ಎಲ್ಲ ಅವರು ಊರು ಬಿಡುವ ಮುಂಚೆ ಬೀಳಲಿ.

ಸಾಲು 4
“ನಮ್ಮ ಶಾಲೆಯಲ್ಲಿ ಮಂಜೂರಾದ ಹುದ್ದೆ ಇಷ್ಟು, ಕರ್ತವ್ಯದಲ್ಲಿರುವವರು ಇಷ್ಟು, ಖಾಲಿ ಇಷ್ಟು.”

ಇಡೀ ಮನವಿ ನಿಂತಿರುವುದು ಈ ಸಾಲಿನ ಮೇಲೆ. ಹೆಡ್‌ಮೇಷ್ಟ್ರ ಕೋಣೆಗೆ ಹೋಗಿ ಗೋಡೆ ನೋಡಿ. ರಾಷ್ಟ್ರನಾಯಕರ ಫೋಟೋ, ಬಿಸಿಯೂಟದ ಪಟ್ಟಿ, ಪಕ್ಕದಲ್ಲೊಂದು ಕಪ್ಪು ಹಲಗೆ. ಅದರ ಗೆರೆ, ತಲೆಬರಹ ಬಿಳಿ ಬಣ್ಣದಲ್ಲಿ ಬರೆದದ್ದು, ಒರೆಸಿದರೂ ಹೋಗದು. ಅಂಕಿ ಮಾತ್ರ ಸೀಮೆಸುಣ್ಣದ್ದು. ಮೂರು ಕಾಲಂ: ಮಂಜೂರು, ಕರ್ತವ್ಯ ನಿರತ, ಖಾಲಿ.

ಕಡಿತ ಎಂಬ ಪದ ಬಜೆಟ್ ಪುಸ್ತಕದಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದು ಸಿಗುವುದು ಈ ಮೂರನೇ ಕಾಲಂನಲ್ಲಿ. ನಿವೃತ್ತರಾದವರ ಜಾಗ ತುಂಬದಿದ್ದರೆ ಸಂಬಳದ ಹಣ ಸದ್ದಿಲ್ಲದೆ ಉಳಿಯುತ್ತದೆ. ಯಾರೂ ಆದೇಶ ಹೊರಡಿಸಬೇಕಿಲ್ಲ, ಯಾರೂ ಸಹಿ ಹಾಕಬೇಕಿಲ್ಲ. ಕಾಯ್ದೆಯ 26ನೇ ಕಲಮಿನ ಪ್ರಕಾರ ಖಾಲಿ ಹುದ್ದೆ ಮಂಜೂರಾದದ್ದರ ನೂರಕ್ಕೆ ಹತ್ತನ್ನು ಮೀರುವಂತಿಲ್ಲ. ಐದು ಹುದ್ದೆಯ ಶಾಲೆಯಲ್ಲಿ ಒಂದು ಖಾಲಿ ಇದ್ದರೂ ಅದು ನೂರಕ್ಕೆ ಇಪ್ಪತ್ತು.

‘ಅತಿಥಿ ಶಿಕ್ಷಕರನ್ನು ಕೊಟ್ಟಿದ್ದೇವೆ’ ಎಂಬ ಉತ್ತರ ಬರುತ್ತದೆ. 2025-26ರ ಬಜೆಟ್ ಅವರ ಗೌರವಧನಕ್ಕೆ 2,000 ರೂಪಾಯಿ ಸೇರಿಸಿತು, ಒಳ್ಳೆಯದೇ. ಆದರೆ ಅವರು ಬರುವುದು ಶಾಲೆ ತೆರೆದ ಮೇಲೆ, ಹೋಗುವುದು ಬೇಸಿಗೆ ರಜೆಗೆ. ಪ್ರತಿ ಜೂನ್‌ನಲ್ಲಿ ಮಗು ಹೊಸ ಮೇಷ್ಟ್ರ ಹೆಸರು ಕಲಿಯುತ್ತದೆ. ಆದ್ದರಿಂದ ‘ಕರ್ತವ್ಯ ನಿರತ’ ಕಾಲಂಗೆ ಅತಿಥಿಗಳನ್ನು ಸೇರಿಸದೆ ಅಂಕಿ ಬರೆಯಿರಿ.

ಸಾಲು 5
“ಕಟ್ಟಡಕ್ಕೆ ಕೊಟ್ಟ ಅನುದಾನವನ್ನು ಶಿಕ್ಷಕರ ನೇಮಕಕ್ಕೆ ಬದಲಿ ಎಂದು ಪರಿಗಣಿಸಬಾರದು.”

ಸರ್ಕಾರದ ಲೆಕ್ಕದಲ್ಲಿ ಎರಡು ಶೀರ್ಷಿಕೆಗಳಿವೆ. 2202 ಎಂದರೆ ಸಾಮಾನ್ಯ ಶಿಕ್ಷಣ: ಸಂಬಳ, ಪುಸ್ತಕ, ದಿನದಿನದ ಖರ್ಚು. 4202 ಎಂದರೆ ಬಂಡವಾಳ ವೆಚ್ಚ: ಕೋಣೆ, ಕಾಂಪೌಂಡು. ಎರಡನೆಯದಕ್ಕೆ ಈ ಸೀಮೆಯಲ್ಲಿ ಬೇರೆ ಬಾಗಿಲುಗಳೂ ಇವೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2025-26ರಲ್ಲಿ 5,000 ಕೋಟಿ ಘೋಷಣೆಯಾಯಿತು. ಗಣಿ ಬಾಧಿತ ಪ್ರದೇಶಕ್ಕೆ ಜಿಲ್ಲಾ ಖನಿಜ ನಿಧಿಯಿದೆ. ಇವೆಲ್ಲ ವರ್ಷದ ಯೋಜನೆಯ ಹಣ. ಒಬ್ಬ ಮೇಷ್ಟ್ರ ಮೂವತ್ತು ವರ್ಷದ ಸಂಬಳವನ್ನು ಅದರ ಮೇಲೆ ನಿಲ್ಲಿಸಲಾಗದು. ಅದಕ್ಕೆ 2202ರ ಗಟ್ಟಿ ನೆಲವೇ ಬೇಕು. ಕೋಣೆಗಾದರೆ ಟೇಪು ಕತ್ತರಿಸಿ ಫೋಟೋ ತೆಗೆಸಿಕೊಳ್ಳಬಹುದು. ಹಾಜರಿ ಪುಸ್ತಕದಲ್ಲಿ ಮೇಷ್ಟ್ರು ಹಾಕುವ ಸಹಿಗೆ ಟೇಪು ಕಟ್ಟಿದವರನ್ನು ನಾನಂತೂ ನೋಡಿಲ್ಲ.

ಸಾಲು 6
“ಶಾಲೆಯ ದಿನನಿತ್ಯದ ಖರ್ಚನ್ನು ಪೋಷಕರ ಮೇಲೆ ಹಾಕಬಾರದು.”

ಈ ಸಾಲಿಗೆ ಇತಿಹಾಸವಿದೆ. 2022ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆಯ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟು ಸುತ್ತೋಲೆ ಹೊರಟಿತು. ಸ್ವಇಚ್ಛೆಯ ದೇಣಿಗೆ ಎಂದೇ ಬರೆದಿತ್ತು. ರಾಜ್ಯದ ಎಲ್ಲ ಕಡೆಯಿಂದ ಆಕ್ಷೇಪ ಎದ್ದು ಕೆಲವೇ ದಿನದಲ್ಲಿ ವಾಪಸಾಯಿತು. ಮರುವರ್ಷ ನವೆಂಬರ್ 1ರಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್, ನೀರು ಘೋಷಣೆಯಾಯಿತು. ಕೇಳಿದರೆ ಸಿಗುತ್ತದೆ ಎಂಬುದಕ್ಕೆ ಇವೆರಡೂ ಸಾಕ್ಷಿ.

ಉಳಿದದ್ದಕ್ಕೆ ಶಾಲಾ ಅನುದಾನ. ಸಮಗ್ರ ಶಿಕ್ಷಣದ 2018ರ ಚೌಕಟ್ಟಿನಲ್ಲಿ ಐವತ್ತರಿಂದ ನೂರು ಮಕ್ಕಳ ಶಾಲೆಗೆ ವರ್ಷಕ್ಕೆ 25,000 ರೂಪಾಯಿ. ಶಾಲೆ ನಡೆಯುವ 220 ದಿನಕ್ಕೆ ಹಂಚಿದರೆ ದಿನಕ್ಕೆ 115 ರೂಪಾಯಿಯೂ ಆಗದು. ಸೀಮೆಸುಣ್ಣ, ರಿಜಿಸ್ಟರು, ಪೊರಕೆ, ಫಿನಾಯಿಲ್, ಮುರಿದ ನಲ್ಲಿ ಎಲ್ಲವೂ ಅದರಲ್ಲೇ. ಕಡಿಮೆ ಬಿದ್ದದ್ದು ಯಾರ ಜೇಬಿನಿಂದ ಬರುತ್ತದೆ ಎಂದು ನಿಮ್ಮೂರ ಹೆಡ್‌ಮೇಷ್ಟ್ರನ್ನು ಕೇಳಿ, ಆ ಮೊತ್ತವನ್ನೂ ಮನವಿಯಲ್ಲಿ ಬರೆಯಿರಿ.

ಸಾಲು 7
“ಮಕ್ಕಳ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಶಾಲೆಯನ್ನು ವಿಲೀನ ಮಾಡಬಾರದು.”

ಸಂಖ್ಯೆ ತಾನಾಗಿ ಇಳಿಯುವುದಿಲ್ಲ. ಮೇಷ್ಟ್ರಿಲ್ಲ ಎಂದು ಒಂದಷ್ಟು ಮಕ್ಕಳು ಕಾನ್ವೆಂಟ್ ವ್ಯಾನ್ ಹತ್ತುತ್ತಾರೆ. ಮಕ್ಕಳು ಕಡಿಮೆಯಾದರು ಎಂದು ಇರುವ ಮೇಷ್ಟ್ರನ್ನು ‘ಹೆಚ್ಚುವರಿ’ ಎಂದು ಎತ್ತುತ್ತಾರೆ. ಆಗ ಇನ್ನಷ್ಟು ಮಕ್ಕಳು ಹೋಗುತ್ತಾರೆ, ಆಮೇಲೆ ವಿಲೀನದ ಮಾತು ಬರುತ್ತದೆ. 2025-26ರ ಬಜೆಟ್ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳ ಮಾತಾಡಿತು. ಸಣ್ಣ ಶಾಲೆಗಳು ಅವುಗಳ ಹೊಟ್ಟೆಗೆ ಹೋಗುತ್ತವೆ ಎಂದು ವಿದ್ಯಾರ್ಥಿ ಸಂಘಟನೆ ಎಐಡಿಎಸ್‌ಒ ಊರೂರಲ್ಲಿ ಸಹಿ ಸಂಗ್ರಹಿಸಿತು. ದೊಡ್ಡ ಶಾಲೆ ಬರಲಿ, ಬೇಡ ಅನ್ನುವವರಾರು? ಆದರೆ ಕಿರಿಯ ಪ್ರಾಥಮಿಕ ಶಾಲೆ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಇರಬೇಕು ಎಂಬುದು ನಿಯಮ. ತಾಂಡಾದ ಆರು ವರ್ಷದ ಹುಡುಗಿಗೆ ಐದು ಕಿಲೋಮೀಟರ್ ಆಚೆಯ ಚಂದದ ಶಾಲೆಗಿಂತ ಕೂಗಳತೆಯ ಸಾಧಾರಣ ಶಾಲೆಯೇ ಶಾಲೆ.

ಸಾಲು 8
“ಈ ಮನವಿಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಕೋರುತ್ತೇವೆ.”

ವಿನಯದ ಸಾಲಿನಂತೆ ಕಾಣುತ್ತದೆ, ಬಲ ಇರುವುದು ಇಲ್ಲೇ. ಟಪಾಲು ವಿಭಾಗದಲ್ಲಿ ಮುದ್ರೆ, ದಿನಾಂಕ, ಸಂಖ್ಯೆ ಬೀಳದ ಮನವಿ ಕೊಟ್ಟಿದ್ದಕ್ಕೆ ಸಾಕ್ಷಿಯಿಲ್ಲ. ಸಂಖ್ಯೆ ಇದ್ದರೆ ತಿಂಗಳಾದ ಮೇಲೆ ಮಾಹಿತಿ ಹಕ್ಕಿನಲ್ಲಿ ಏನು ಕ್ರಮವಾಯಿತು ಎಂದು ಕೇಳಬಹುದು. ತಹಶೀಲ್ದಾರರಿಗೆ ಒಂದು, ಬಿಇಒಗೆ ಒಂದು, ಶಾಸಕರಿಗೆ ಒಂದು, ಸಮಿತಿಯ ಕಡತಕ್ಕೆ ಒಂದು.

ಕಾರಣಿಕದ ಅರ್ಥ ಮುಂಗಾರು ಬಂದಾಗಲೇ ತಿಳಿಯುವುದು ಅಂತಾರೆ ಹಿರಿಯರು. ಬಜೆಟ್‌ನ ಅರ್ಥವೂ ಅದೇ ಹೊತ್ತಿಗೆ ತಿಳಿಯುತ್ತದೆ. ಜೂನ್ ಮೊದಲ ವಾರ ಹೆಡ್‌ಮೇಷ್ಟ್ರ ಕೋಣೆಗೆ ಹೋಗಿ ಹಲಗೆ ನೋಡಿ ಬನ್ನಿ. ಮೂರನೇ ಕಾಲಂನ ಸೀಮೆಸುಣ್ಣದ ಅಂಕಿ ಒರೆಸಿದ್ದರೆ ಸಂತೋಷ. ಹಾಗೇ ಇದ್ದರೆ ಬರೆದುಕೊಂಡು ಬನ್ನಿ. ಮುಂದಿನ ಮನವಿಯ ನಾಲ್ಕನೇ ಸಾಲಿಗೆ ಬೇಕಾಗುತ್ತದೆ.