ಕುಣಿಮಗ್ಗಕ್ಕೆ ಗಿರಣಿಯ ಪಾಠ

ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ರೇಷ್ಮೆಯದು. ಎರಡೂ ಕೂಡುವ ಗೆರೆಯಲ್ಲಿ ಹೊಕ್ಕಿನ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕುತ್ತ ಹೋಗಬೇಕು. ಪ್ರತಿ ಸಾಲಿಗೂ ಕಣ್ಣು ಅಲ್ಲೇ ನೆಟ್ಟಿರಬೇಕು. ಬೆನ್ನು ಬಾಗಿಯೇ ಇರುತ್ತದೆ, ಕಾಲು ಕುಣಿಯೊಳಗೆ ತುಳಿಯುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಆ ಕುಣಿಯ ತೇವ ಮೊಣಕಾಲಿಗೆ ಏರುತ್ತದೆ. ನಾರಾಯಣಪೇಟೆಯ ಚೌಕಳಿ ಸೀರೆಗೂ ಇದೇ ಬೆನ್ನು, ಇದೇ ಕಣ್ಣು ಬೇಕು.

2013ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಬಂತು. ಅದರಡಿ ಜವಳಿ ವಲಯದ ಕೌಶಲ ಮಂಡಳಿ ಕೈಮಗ್ಗದ ನೇಕಾರರಿಗೂ ಮಾನದಂಡ ಬರೆಯಿತು. ಆರೋಗ್ಯ, ಸುರಕ್ಷತೆಯನ್ನು ಅದರ ಒಂದು ಘಟಕವಾಗಿಸಿತು. ಮೈ ಉಳಿಸಿಕೊಳ್ಳುವುದೂ ಕಸುಬಿನ ಭಾಗವೆಂದು ಒಪ್ಪಿದ್ದು ದೊಡ್ಡ ಮಾತು. ಅದನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ಆ ಘಟಕ ನೂಲಿನ ಗಿರಣಿಗೂ ಕೈಮಗ್ಗಕ್ಕೂ ಹೆಚ್ಚುಕಡಿಮೆ ಒಂದೇ. ಕಿವಿಗೆ ಬಿರಡೆ, ಮೂಗಿಗೆ ಮುಸುಕು, ಬೆಂಕಿ ಬಿದ್ದಾಗ ಹೊರಬರುವ ತಾಲೀಮು, ತೊಂದರೆ ಕಂಡರೆ ಮೇಲ್ವಿಚಾರಕರಿಗೆ ತಿಳಿಸುವುದು. ನಾರಾಯಣಪೇಟೆ ಸೀಮೆಯ ಮಕ್ತಲ್ ಕಡೆಯ ಒಂದು ಮನೆಮಗ್ಗದಲ್ಲಿ ಮೇಲ್ವಿಚಾರಕ ಯಾರು? ನೂಲು ಕೊಟ್ಟು ಸೀರೆ ಒಯ್ಯುವ ಸಾಹುಕಾರ ಕುಣಿಗೆ ಇಳಿಯುವುದಿಲ್ಲ. ಸೀರೆಗಿಷ್ಟು ಎಂದು ಕೂಲಿ ಇರುವಲ್ಲಿ ಅರ್ಧ ಗಂಟೆ ಬೆನ್ನು ಚಾಚಿದರೆ ಆ ಅರ್ಧ ಗಂಟೆಯ ದುಡಿಮೆ ಹೋಯಿತು. ಕಾನೂನಿನ ಆಸರೆಯೂ ಇಲ್ಲ: ವಿದ್ಯುತ್ತಿಲ್ಲದ ಕೆಲಸದ ಜಾಗ 1948ರ ಕಾರ್ಖಾನೆ ಕಾಯ್ದೆಗೆ ಒಳಪಡಲು 20 ಜನ ಕೆಲಸಗಾರರು ಬೇಕಿತ್ತು, 2020ರ ಕಾರ್ಮಿಕ ಸಂಹಿತೆ ಅದನ್ನು 40ಕ್ಕೆ ಏರಿಸಿದೆ. ಹಾಗಾಗಿ ಮನೆಯ ನೇಕಾರನಿಗೆ ಈ ಮಾನದಂಡದ ಪಾಠವೇ ದೊಡ್ಡ ಆಸರೆಯಾಗಬೇಕಿತ್ತು. ಆ ಪಾಠವೇ ಗಿರಣಿಯ ಮಾತು ಆಡುತ್ತಿದೆ.

ನನ್ನ ತಕರಾರು ಸುರಕ್ಷತೆಯನ್ನು ಬೇರೆ ಅಧ್ಯಾಯವಾಗಿ ಕೊನೆಗೆ ಹೊಲಿದದ್ದರ ಬಗ್ಗೆ. ಅದು ನೇಯ್ಗೆಯೊಳಗೇ ಹೆಣೆದಿರಬೇಕು. ಮಗ್ಗ ಹೂಡುವುದನ್ನು ಕಲಿಸುವಾಗಲೇ ಕುಣಿಯ ಆಳ ಕೂರುವವರ ಕಾಲಿಗೆ ಸರಿಯೇ, ಅದರ ಗೋಡೆಗೆ ಗಾರೆ ಆಗಿದೆಯೇ, ಬೆಳಕು ಹಣಿಗೆಯ ಮೇಲೆ ನೆರಳಿಲ್ಲದೆ ಬೀಳುತ್ತದೆಯೇ ಎಂದು ನೋಡಲು ಕಲಿಸಬೇಕು. ಬಣ್ಣ ಹಾಕುವವರಿಗೆ ಕಾಸ್ಟಿಕ್ ಸೋಡಾದ ಅಳತೆಯನ್ನೂ ಕೈಗವಸನ್ನೂ ಒಂದೇ ಉಸಿರಲ್ಲಿ ಹೇಳಬೇಕು. ಪರೀಕ್ಷೆಯಲ್ಲಿ ಅಂಚಿನ ಕೊಂಡಿಗೆ ಅಂಕ ಕೊಡುವವರು ಕೂತ ಭಂಗಿಗೂ ಕೊಡಲಿ.

ಇನ್ನು ನೇಕಾರರ ಪಕ್ಕದಲ್ಲೇ ನೆಲದ ಮೇಲೆ ರಾಟೆ ಹಿಡಿದು ಕಂಡಿಕೆ ಸುತ್ತುವವರು. 2019–20ರ ಕೈಮಗ್ಗ ಗಣತಿಯ 35.22 ಲಕ್ಷ ಕೆಲಸಗಾರರಲ್ಲಿ ಇಂಥ ಪೂರಕ ಕೆಲಸದವರು 8 ಲಕ್ಷಕ್ಕೂ ಹೆಚ್ಚು. ನೇಕಾರರ ಮಾನದಂಡವನ್ನು ತಿದ್ದುವ ದಿನ ಇವರ ಸೊಂಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.