ಸಮ್ ಗೊತ್ತಿಲ್ಲದ ಕತ್ತರಿ

ಮೊನ್ನೆ ನನ್ನ ಫೋನಿಗೊಂದು ವಿಡಿಯೋ ತುಣುಕು ಬಂತು. ಧಾರವಾಡದ್ದೇ ಬೈಠಕ್, ದ್ರುತ್ ತೀನ್‌ತಾಲ್. ತಾನ್ ಮುಗಿಸಿ, ಹಾಡಿನ ಎತ್ತುಗಡೆಯಾದ ಮುಖಡಾ ಹಿಡಿದು, ತಾಳದ ಮೊದಲ ಮಾತ್ರೆಯಾದ ಸಮ್ಮಿಗೆ ಬರುವ ಜಾಗ. ಆದರೆ ತುಣುಕು ಶುರುವಾಗುವುದೇ ಮುಖಡಾದ ಅರ್ಧದಿಂದ. ಗಾಯಕರು ಎಲ್ಲಿಂದಲೋ ಬಿದ್ದವರ ಹಾಗೆ ಸಮ್ಮಿನ ಮೇಲೆ ಬಂದು ನಿಲ್ಲುತ್ತಾರೆ. ಕತ್ತರಿಸಿದ ಹುಡುಗ ಸಾಫ್ಟ್‌ವೇರಿನವನೇ. ವಿಚಾರಿಸಿದರೆ, “ನಾ ಬರೋಬ್ಬರಿ ಜಾಗಾದಾಗ ಕಟ್ ಮಾಡೀನ್ರಿ ಸರ, ಅದ ಮುಂದ ಸರದೈತಿ. ಎರಡ ಸೆಕೆಂಡ್ ಅಷ್ಟ ಅಲ್ರೀ?” ಅಂದ.

ಅಷ್ಟೇ ಅಲ್ಲಪ್ಪಾ. ಲಯ ನಿಮಿಷಕ್ಕೆ 240 ಮಾತ್ರೆ ಇದ್ದರೆ, 16 ಮಾತ್ರೆಯ ಒಂದು ಆವರ್ತನಕ್ಕೆ ನಾಲ್ಕು ಸೆಕೆಂಡು. ಎರಡು ಸೆಕೆಂಡು ಅಂದರೆ ಎಂಟು ಮಾತ್ರೆ, ಸಮ್ಮಿನಿಂದ ಖಾಲಿಯವರೆಗಿನ ದೂರ. ಕಟ್ ಸರಿದದ್ದೇಕೆ? ಲೈವ್ ಕಳಿಸುವವರು ಕೀ ಫ್ರೇಮ್, ಅಂದರೆ ತನ್ನಷ್ಟಕ್ಕೇ ಪೂರ್ತಿಯಾದ ಚಿತ್ರ, ಎರಡು ಸೆಕೆಂಡಿಗೊಂದು ಇಡಬೇಕು, ನಾಲ್ಕು ಮೀರಬಾರದು ಎನ್ನುವುದು ಯೂಟ್ಯೂಬ್ ಕೊಡುವ ಸಲಹೆ. ಮರು ಎನ್‌ಕೋಡ್ ಮಾಡದೆ ಕತ್ತರಿಸುವಾಗ ಚಿತ್ರ ಕೀ ಫ್ರೇಮಿನಿಂದಲೇ ಶುರುವಾಗಬೇಕು. ಕೆಲವು ಸಾಧನಗಳು ಹಿಂದಿನ ಕೀ ಫ್ರೇಮಿಗೆ ಹೋಗುತ್ತವೆ, ಕೆಲವು ಮುಂದಿನದಕ್ಕೆ. ಹಿಂದೆ ಹೋದರೆ ಒಂದಿಷ್ಟು ಹೆಚ್ಚು ಕೇಳುತ್ತೇವೆ, ನಷ್ಟವಿಲ್ಲ. ಮುಂದೆ ಹೋದರೆ ಮುಖಡಾ ಹೋಯಿತು. ಇದರಲ್ಲಿ ದನಿಯ ತಪ್ಪೇನೂ ಇಲ್ಲ ನೋಡಿ. 48 ಕಿಲೋಹರ್ಟ್ಸ್‌ನ ಸಾಮಾನ್ಯ ಎಎಸಿಯಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 21 ಮಿಲಿಸೆಕೆಂಡು; ತಬಲಾದ ಒಂದು ಬೋಲಿಗಿಂತಲೂ ಸಣ್ಣ ಅಳತೆ. ಸಂಗೀತದ ವಿಡಿಯೋಕ್ಕೆ ಬರೆದ ಕತ್ತರಿಯಾದರೆ ದನಿ ಹೇಳಿದ ಕಡೆ ಕತ್ತರಿಸಬೇಕು. ಚಿತ್ರದ ಮೊದಲ ಎರಡು ಸೆಕೆಂಡನ್ನಷ್ಟೇ ಮರು ಎನ್‌ಕೋಡ್ ಮಾಡಿ, ಉಳಿದದ್ದನ್ನು ಹಾಗೇ ನಕಲಿಸಬೇಕು. ಎಫ್ಎಫ್‌ಎಂಪೆಗ್ ಕೈಯಲ್ಲಿದ್ದವರಿಗೆ ಇದು ಅಸಾಧ್ಯದ ಕೆಲಸವೇನಲ್ಲ.

ಹೋಗಲಿ, ಮೂಲದಿಂದ ಇನ್ನೊಮ್ಮೆ ಕತ್ತರಿಸು ಅಂದೆ. ಮೂಲ ಅಳಿಸಿಬಿಟ್ಟಿದ್ದ, ಡಿಸ್ಕಿನಲ್ಲಿ ಜಾಗ ಇಲ್ಲವೆಂದು! ಲೆಕ್ಕ ಹಾಕೋಣ. ಸೆಕೆಂಡಿಗೆ 6 ಮೆಗಾಬಿಟ್‌ನ ವಿಡಿಯೋ ಗಂಟೆಗೆ 2.7 ಜಿಬಿ. ಕುಂದಗೋಳದ ನಾಡಗೀರ ವಾಡೆಯಲ್ಲಿ ರಾತ್ರಿಯಿಡೀ ಎಂಟು ಗಂಟೆ ಹಾಡಿದರೂ 22 ಜಿಬಿ ಮುಟ್ಟುವುದಿಲ್ಲ. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಅಂಥ ನಲವತ್ತಕ್ಕೂ ಹೆಚ್ಚು ರಾತ್ರಿ ಹಿಡಿಸುತ್ತವೆ. ಜಾಗದ ಮಾತು ನೆಪ.

ಅಳಿಸುವ ಅಗತ್ಯವೇ ಬೀಳದ ಹಾಗೆ ಸಾಫ್ಟ್‌ವೇರ್ ಕಟ್ಟಬಹುದು. ಆಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ಎಂಬ ಸ್ಟ್ರೀಮಿಂಗ್ ಪದ್ಧತಿಯ ಒಳಗನ್ನು ನೋಡಿ. ಅದರಲ್ಲಿ ಲೈವ್ ಹುಟ್ಟುವುದೇ ಕೆಲವು ಸೆಕೆಂಡುಗಳ ಹೋಳುಗಳಾಗಿ. ಯಾವ ಹೋಳಿನ ಮುಂದೆ ಯಾವುದು ಎಂದು ಹೇಳುವುದು ಎಂ3ಯು8 ಎಂಬ ಸಾದಾ ಅಕ್ಷರಗಳ ಪಟ್ಟಿ. ಹೋಳುಗಳನ್ನು ಅಳಿಸದೆ, ಪಟ್ಟಿಯನ್ನು ಮೊದಲಿನಿಂದ ಉಳಿಸಿಕೊಂಡು, ಕೊನೆಗೆ ಮುಕ್ತಾಯದ ಒಂದು ಸಾಲು ಸೇರಿಸಿದರೆ ಅದೇ ಸಂಗ್ರಹ. ನಡುವಿನ ಹತ್ತಾರು ಸಾಲು ಎತ್ತಿ ಇನ್ನೊಂದು ಪಟ್ಟಿ ಬರೆದರೆ ಅದೇ ತುಣುಕು. ಹೋಳಿನೊಳಗೆ ಎಲ್ಲಿಂದ ನುಡಿಸಬೇಕು ಎಂಬುದಕ್ಕೂ ಪಟ್ಟಿಯಲ್ಲಿ ಗುರುತು ಹಾಕಲು ಬರುತ್ತದೆ. ವಿಡಿಯೋದ ಒಂದು ಬೈಟೂ ನಕಲಾಗಲಿಲ್ಲ, ಒಂದೂ ಅಳಿಯಲಿಲ್ಲ. ನನ್ನ ಹಳೆಯ ಹಟ ಇದೇ: ಕತ್ತರಿ ಮೂಲವನ್ನು ಮುಟ್ಟಬಾರದು, ಅದರ ವಿಳಾಸವನ್ನಷ್ಟೇ ಬರೆಯಬೇಕು.

ಸಂಗೀತದ ಆಚೆಗೂ ಈ ಹಟಕ್ಕೆ ಬೆಲೆಯಿದೆ. ಹೈಕೋರ್ಟ್ ಕಲಾಪದ ನೇರಪ್ರಸಾರಕ್ಕೆ ಕರ್ನಾಟಕದಲ್ಲಿ ನಿಯಮಗಳು ಬಂದವು. 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿಯೊಬ್ಬರ ಮಾತಿನ ತುಣುಕುಗಳು ದೇಶವೆಲ್ಲ ಹರಿದಾಡಿ, ಸುಪ್ರೀಂ ಕೋರ್ಟ್ ತಾನಾಗಿ ವಿಷಯ ಕೈಗೆತ್ತಿಕೊಂಡಿತು. ನ್ಯಾಯಮೂರ್ತಿಗಳು ವಿಷಾದ ಹೇಳಿದರು, ಪ್ರಕರಣ ಮುಗಿಯಿತು. ನೇರಪ್ರಸಾರದ ಬಾಗಿಲು ಹಾಕುವುದು ಮದ್ದಲ್ಲ ಎಂಬ ಅಭಿಪ್ರಾಯ ಪೀಠದಿಂದಲೇ ಬಂತು. ಸರಿಯಾದ ಮಾತು. ತುಣುಕು ನೋಡಿದವನು ಒಂದು ಬೆರಳೊತ್ತಿನಲ್ಲಿ ಇಡೀ ಕಲಾಪದ ಅದೇ ಗಳಿಗೆಗೆ ಹೋಗಿ ಹಿಂದುಮುಂದು ನೋಡುವಂತಿದ್ದರೆ ಅರ್ಧ ಜಗಳ ಅಲ್ಲೇ ಇತ್ಯರ್ಥ.

ಕತ್ತರಿಗೆ ಮೊದಲೇ ದನಿಯನ್ನು ಅಳಿಸುವವರೂ ಇದ್ದಾರೆ. ಹಿನ್ನೆಲೆಯ ಸದ್ದೆಲ್ಲ ಹೋಗಬೇಕೆನ್ನುವ ‘ಕ್ಲೀನ್ ಸೌಂಡ್’ ಪಂಥದವರು. ಲೈವ್ ಕಳಿಸುವ ಒಬಿಎಸ್ ತಂತ್ರಾಂಶದಲ್ಲಿ ಸದ್ದಡಗಿಸುವ ಶೋಧಕವೊಂದಿದೆ, ಮಾತಿಗಾಗಿ ಮಾಡಿದ್ದು. ಒಂದೇ ಸಮನೆ ಕೇಳುವುದೆಲ್ಲ ಅದರ ಕಿವಿಗೆ ಫ್ಯಾನಿನ ಸದ್ದು. ತಂಬೂರಿಯ ಕೆಲಸವೇ ಒಂದೇ ಸಮನೆ ಕೇಳುವುದು! ಶೋಧಕ ಹಾಕಿದ ಲೈವ್‌ನಲ್ಲಿ ಗಾಯಕರು ಉಸಿರು ತೆಗೆದುಕೊಂಡಾಗ ಲಕ್ಷ್ಯಗೊಟ್ಟು ಕೇಳಿ: ತಂಬೂರಿ ಮಾಯ. ದನಿ ಎತ್ತಿದೊಡನೆ ಹಿಂದಿನಿಂದ ಒಂದಿಷ್ಟು ಜವಾರಿ ನುಸುಳುತ್ತದೆ, ಮತ್ತೆ ಮಾಯ. ಸವಾಯಿ ಗಂಧರ್ವರ ನೆಲದಲ್ಲಿ, ಸ್ವರವೇ ದೇವರೆನ್ನುವ ಕಿರಾಣಾ ಘರಾಣೆಯ ನಾಡಿನಲ್ಲಿ ಷಡ್ಜವನ್ನು ಅಳಿಸಿ ಅದಕ್ಕೆ ಕ್ಲೀನ್ ಎಂದು ಹೆಸರಿಡುತ್ತೇವೆ. ಶೋಧಕ ತೆಗೆಯಿರಿ, ಮೈಕು ಹತ್ತಿರ ಇಡಿ. ಮೂಲ ಉಳಿಯಬೇಕೆಂದರೆ ರೆಕಾರ್ಡಿಂಗನ್ನು ಎಂಕೆವಿಯಲ್ಲಿ ಮಾಡಿ. ಸಾದಾ ಎಂಪಿ4 ತನ್ನ ಸೂಚಿಯನ್ನು ಕೊನೆಗೆ ಬರೆಯುವುದರಿಂದ ನಡುವೆ ಕರೆಂಟು ಹೋದರೆ ಇಡೀ ಕಛೇರಿಯ ಫೈಲೇ ತೆರೆಯದೆ ಹೋಗಬಹುದು.

ತುಣುಕೇ ಸಾಕೆನ್ನುವ ರೀಲ್ಸ್ ಪಂಥದವರ ವಾದ ಇದಕ್ಕಿಂತ ಗಟ್ಟಿ. “78 ಆರ್‌ಪಿಎಂ ತಟ್ಟೆಯಲ್ಲೂ ಮೂರೇ ನಿಮಿಷ ಇತ್ತಲ್ಲ?” ಎನ್ನುತ್ತಾರೆ. ಇತ್ತು. ಅಂಥ ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಕೇಳಿದ ಹುಡುಗ ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟ, ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯನಾದ. ಭೀಮಸೇನ ಜೋಶಿಯವರ ಕಥೆ ಧಾರವಾಡದಲ್ಲಿ ಯಾರಿಗೆ ಗೊತ್ತಿಲ್ಲ! ಮೂರು ನಿಮಿಷದ ತಾಕತ್ತನ್ನು ನಾನೂ ಒಪ್ಪುತ್ತೇನೆ.

ಆದರೆ ಆ ಮೂರು ನಿಮಿಷವನ್ನು ಖಾನ್ ಸಾಹೇಬರೇ ಅಳೆದು ಹಾಡಿದ್ದರು. ಎಲ್ಲಿ ಎತ್ತಬೇಕು, ಯಾವ ತಿರುವು ಬಿಡಬೇಕು, ಸೂಜಿ ತಟ್ಟೆಯ ನಡುವಿಗೆ ಬರುವ ಮೊದಲು ಎಲ್ಲಿ ಇಳಿಸಬೇಕು ಎಂಬುದೆಲ್ಲ ಹಾಡುವವರ ತಲೆಯಲ್ಲೇ ಇತ್ತು. ತಟ್ಟೆಯ ಯುಗದಲ್ಲಿ ಕತ್ತರಿ ಕಲಾವಿದರ ಕೈಯಲ್ಲಿತ್ತು. ಐವತ್ತು ನಿಮಿಷ ಹರಡುವ ಮನಸ್ಸಿನಿಂದ ಹಾಡಿದ್ದರಲ್ಲಿ ಮೂರು ನಿಮಿಷವನ್ನು ಬೇರೊಬ್ಬರು ಎತ್ತುವುದು ಬೇರೆಯೇ ಕೆಲಸ. ವಿಲಂಬಿತ್‌ನ ಬಢತ್‌ನಲ್ಲಿ ಗಾಂಧಾರವನ್ನು ಹತ್ತು ನಿಮಿಷ ಕಾಯಿಸಿ ಹಚ್ಚಿದಾಗ ಸಭೆ ‘ವಾಹ್’ ಅನ್ನುತ್ತದೆ. ತುಣುಕಿನಲ್ಲಿ ಆ ಗಾಂಧಾರ ಬರುತ್ತದೆ, ‘ವಾಹ್’ ಕೂಡ ಬರುತ್ತದೆ, ಕಾದದ್ದು ಬರುವುದಿಲ್ಲ. ಹಾಗಾಗಿ ಕತ್ತರಿಸುವವರು ಹಾಡಿದವರನ್ನು ಕೇಳಲಿ. ಕೇಳಲಾಗದಿದ್ದರೆ ಸಮ್ಮಿನಿಂದ ಸಮ್ಮಿಗಾದರೂ ಕತ್ತರಿಸಲಿ.

ತಟ್ಟೆಗಳಿಂದ ಕಲಿಯಬೇಕಾದ್ದು ಇನ್ನೊಂದಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಜರ್ಮನಿಯ ಹ್ಯಾನೋವರ್‌ನಲ್ಲಿ ತಟ್ಟೆ ಒತ್ತುವವರಿಗೆ ಚೀಟಿಯ ಮೇಲೆ ಯಾರ ಹೆಸರು ಹಾಕಬೇಕೆಂದು ತಿಳಿಯಬೇಕಿತ್ತು. ಇವತ್ತಿನ ಮೆಟಾಡೇಟಾ ಎಂದರೆ ಅದೇ. ನಮ್ಮ ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಒಂದೇ ಹೆಸರಿಟ್ಟುಕೊಂಡು ಹುಡುಕುವ ಸಂಗ್ರಹದಲ್ಲಿ ಒಂದೇ ಕಂಠ ಇಬ್ಬರದಾಗಿಬಿಡುತ್ತದೆ. ನನಗೆ ಬಂದ ತುಣುಕಿನಲ್ಲಂತೂ ಚಾನೆಲ್ಲಿನ ಹೆಸರು ದಪ್ಪಕ್ಷರದಲ್ಲಿತ್ತು. ಗಾಯಕರದು, ತಬಲಾ ನುಡಿಸಿದವರದು, ರಾಗದ್ದು ಯಾವುದೂ ಇರಲಿಲ್ಲ.

ವಿದ್ಯಾನಗರದಲ್ಲೋ ಸಪ್ತಾಪುರದಲ್ಲೋ ಕೂತು ಇಂಥ ಸಾಫ್ಟ್‌ವೇರ್ ಬರೆಯುತ್ತಿರುವವರಿಗೆ ನನ್ನ ಬೇಡಿಕೆ ಇಷ್ಟೇ. ‘ತುಣುಕು ಮಾಡು’ ಎಂಬ ಬಟನ್ನಿನ ಮೇಲೆ ಐದು ಖಾನೆ ಇಡಿ: ಕಲಾವಿದರು, ಅವರ ಬೇರೆ ಹೆಸರುಗಳು, ಸಾಥಿದಾರರು, ರಾಗ-ತಾಳ, ಮೂಲದ ವಿಳಾಸ. ಐದೂ ತುಂಬುವ ತನಕ ಬಟನ್ ಒತ್ತಲು ಬರಕೂಡದು. ಬಳಸುವವರು ಬೈದರೆ ನನ್ನ ಹೆಸರು ಹೇಳಿ.