ಎಳೆದು ಬಿಟ್ಟರಷ್ಟೇ ಸಾಕೆ?

ಜಾಲತಾಣ ರಚನೆಯನ್ನು ಹೊಸಬರಿಗೆ ಕಲಿಸುವ ಪುಸ್ತಕವನ್ನೋ ತರಬೇತಿ ಟಿಪ್ಪಣಿಯನ್ನೋ ತೆರೆದು ನೋಡಿ. ಪುಟ ಕಟ್ಟುವ ವಿಧಾನಕ್ಕೆ ಅಧ್ಯಾಯಗಟ್ಟಲೆ ಜಾಗ ದೊರೆತಿರುತ್ತದೆ. ಸಿದ್ಧವಾದ ಕಡತಗಳನ್ನು ಸರ್ವರ್‌ಗೆ ಏರಿಸುವ ಕೆಲಸಕ್ಕೆ ಸಾಮಾನ್ಯವಾಗಿ ಸಿಗುವುದು ಕೊನೆಯ ಒಂದೆರಡು ಪುಟ. ಎಫ್‌ಟಿಪಿ ತಂತ್ರಾಂಶ ತೆರೆಯಿರಿ, ಸರ್ವರ್‌ನ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಡಿ, ಎಡಗಡೆಯ ಕಡತಗಳನ್ನು ಬಲಗಡೆಗೆ ಎಳೆದು ಬಿಡಿ. ಅಲ್ಲಿಗೆ ಪಾಠ ಮುಗಿಯಿತು! ಹೀಗೆ ಮಾಡಿದರೆ ಕಡತಗಳು ಹೋಗುವುದು ನಿಜ. ಅವುಗಳ ಜೊತೆ ಇನ್ನೇನು ಹೋಯಿತು ಎಂಬುದನ್ನು ಪಾಠ ಹೇಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಎಫ್‌ಟಿಪಿ ಎಂಬ ಕಡತ ವರ್ಗಾವಣೆಯ ನಿಯಮಾವಳಿ ವೆಬ್‌ಗಿಂತ ಹಿರಿಯದು. ಇದರ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿ ಸೇರಿದ್ದ ಅಭಯ್ ಭೂಷಣ್. ಆಗಿನ ಅರ್ಪಾನೆಟ್ ಜಾಲದಲ್ಲಿ ಇದ್ದವು ಕೆಲವೇ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಸಂಸ್ಥೆಗಳು. ನಡುದಾರಿಯಲ್ಲಿ ಯಾರಾದರೂ ಕದ್ದು ಓದಿಯಾರೆಂಬ ಚಿಂತೆಗೆ ಆ ವಿನ್ಯಾಸದಲ್ಲಿ ಜಾಗವಿರಲಿಲ್ಲ. 1985ರಲ್ಲಿ ಪರಿಷ್ಕೃತವಾದ ರೂಪವೇ ಇಂದಿಗೂ ಅದರ ತಳಹದಿ. ಅದರಂತೆ ನಿಮ್ಮ ಗಣಕವು ಸರ್ವರ್‌ನ 21ನೆಯ ಪೋರ್ಟ್‌ಗೆ ಸಂಪರ್ಕ ಪಡೆದು, 'ಯೂಸರ್' ಎಂಬ ಆದೇಶದ ಜೊತೆ ಹೆಸರನ್ನೂ 'ಪಾಸ್' ಎಂಬ ಆದೇಶದ ಜೊತೆ ಪಾಸ್‌ವರ್ಡನ್ನೂ ಕಳಿಸುತ್ತದೆ. ಪರದೆಯ ಮೇಲೆ ನಿಮಗೆ ಕಾಣುವುದು ಬರೀ ಚುಕ್ಕಿಗಳು. ಜಾಲದಲ್ಲಿ ಮಾತ್ರ ಅಕ್ಷರಗಳು ಇದ್ದ ಹಾಗೆಯೇ ಸಾಗುತ್ತವೆ. ಬೀರುವಿನ ಬೀಗದ ಸಂಖ್ಯೆಯನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಿದ ಹಾಗಾಯಿತು. ಹಾಸ್ಟೆಲಿನಲ್ಲೋ ಬಸ್ ನಿಲ್ದಾಣದ ವೈಫೈನಲ್ಲೋ ಅದೇ ಜಾಲವನ್ನು ಹಂಚಿಕೊಂಡ ಇನ್ನೊಬ್ಬರು ಉಚಿತ ತಂತ್ರಾಂಶ ಬಳಸಿ ಅದನ್ನು ಓದಲು ಸಾಧ್ಯ. ಇ-ಮೇಲ್‌ಗೂ ನೀವು ಅದೇ ಪಾಸ್‌ವರ್ಡ್ ಇಟ್ಟಿದ್ದರೆ ನಷ್ಟ ಜಾಲತಾಣಕ್ಕೆ ನಿಲ್ಲುವುದಿಲ್ಲ.

ಇದು ಬರೀ ಊಹೆಯ ಅಪಾಯವಲ್ಲ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆ ಪಾಸ್‌ವರ್ಡ್‌ಗಳ ಕಳವು ನಡೆದ ಮೇಲೆಯೇ, ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಸಂಪರ್ಕ ವಿಧಾನವನ್ನು ರೂಪಿಸಿದರು. ಅದರ ಆಸರೆಯಲ್ಲಿ ನಡೆಯುವ ಕಡತ ವರ್ಗಾವಣೆಯೇ ಎಸ್‌ಎಫ್‌ಟಿಪಿ. ಹೆಸರಿನಲ್ಲಿ ಹೋಲಿಕೆಯಿದ್ದರೂ ಇದು ಬೇರೆಯೇ ನಿಯಮಾವಳಿ. ಸಾಮಾನ್ಯವಾಗಿ 22ನೆಯ ಪೋರ್ಟ್ ಬಳಸುತ್ತದೆ. ಹಳೆಯ ಎಫ್‌ಟಿಪಿಗೇ ಗೂಢಲಿಪಿಯ ಹೊದಿಕೆ ಹಾಕಿದರೆ ಅದು ಎಫ್‌ಟಿಪಿಎಸ್. ಉಚಿತವಾಗಿ ಸಿಗುವ ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿ ಎರಡರಲ್ಲೂ ಈ ಸೌಲಭ್ಯಗಳಿವೆ. ನಿಮ್ಮ ಸರ್ವರ್ ಒಪ್ಪುವುದಾದರೆ ಬದಲಿಸಬೇಕಾದ್ದು ಪಟ್ಟಿಯಲ್ಲಿನ ಒಂದು ಆಯ್ಕೆಯನ್ನು ಮಾತ್ರ. ಹೊಸಬರಿಗೆ ಇದೆಲ್ಲ ಗೊಂದಲ ಎಂದು ಪಾಠ ಬರೆಯುವವರು ಹೇಳುವುದುಂಟು. ಒಂದು ಆಯ್ಕೆಯನ್ನು ಬದಲಿಸುವುದರಲ್ಲಿ ಗೊಂದಲವೇನು? ಬ್ರೌಸರ್‌ನ ವಿಳಾಸಪಟ್ಟಿಯಲ್ಲೇ ಎಫ್‌ಟಿಪಿ ವಿಳಾಸ ಬರೆಯುವ ಹಳೆಯ ಸುಲಭೋಪಾಯವಂತೂ ಈಗ ನಡೆಯುವುದಿಲ್ಲ. ಫೈರ್‌ಫಾಕ್ಸ್, ಕ್ರೋಮ್ ಎರಡೂ 2021ರಲ್ಲಿ ಆ ಬೆಂಬಲವನ್ನು ಕೈಬಿಟ್ಟವು.

ಎಸ್‌ಎಫ್‌ಟಿಪಿ ಕಲಿಸುವ ಪಾಠಗಳೂ ಒಂದು ಕಡೆ ಮುಗ್ಗರಿಸುತ್ತವೆ. ಮೊದಲ ಸಲ ಸಂಪರ್ಕಿಸಿದಾಗ, ಈ ಸರ್ವರ್‌ನ ಕೀಲಿ ಅಪರಿಚಿತ, ನಂಬಬಹುದೇ ಎಂದು ತಂತ್ರಾಂಶ ಕೇಳುತ್ತದೆ. ಜೊತೆಗೆ ಅಕ್ಷರ, ಅಂಕಿಗಳ ಉದ್ದನೆಯ ಸಾಲೊಂದನ್ನು ತೋರಿಸುತ್ತದೆ. 'ಓಕೆ ಒತ್ತಿ ಮುಂದುವರಿಯಿರಿ' ಎನ್ನುತ್ತದೆ ಪಾಠ. ಆ ಸಾಲು ಸರ್ವರ್‌ನ ಬೆರಳಚ್ಚು. ನೀವು ಮಾತಾಡುತ್ತಿರುವುದು ನಿಮ್ಮ ಸರ್ವರ್‌ನೊಂದಿಗೋ ಅದರ ವೇಷದಲ್ಲಿ ನಡುವೆ ನಿಂತ ಬೇರೊಬ್ಬರೊಂದಿಗೋ ಎಂದು ತಿಳಿಯಲು ಆ ಕ್ಷಣದಲ್ಲಿ ನಿಮಗಿರುವ ಗುರುತು ಅದೊಂದೇ. ಸರ್ವರ್‌ನ ಜಾಗ ಬಾಡಿಗೆಗೆ ಕೊಟ್ಟವರಿಂದ ಬೆರಳಚ್ಚನ್ನು ಕೇಳಿ ಪಡೆದು ಹೋಲಿಸಿ ನೋಡಿ. ಒಮ್ಮೆ ಒಪ್ಪಿದ ಮೇಲೆ ತಂತ್ರಾಂಶ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೊಂದು ದಿನ ಕೀಲಿ ಬದಲಾಗಿದೆ ಎಂಬ ಎಚ್ಚರಿಕೆ ಬಂದರೆ ಮೊದಲು ಕಾರಣ ವಿಚಾರಿಸಿ, ಆಮೇಲೆ ಗುಂಡಿ ಒತ್ತಿ.

ದಾರಿ ಭದ್ರವಾದರೂ ಮನೆ ಭದ್ರವಾಗದು. 2009ರಲ್ಲಿ ಹರಡಿದ ಗಂಬ್ಲರ್ ಎಂಬ ಕುತಂತ್ರಾಂಶ ಬಳಕೆದಾರರ ಗಣಕಗಳಿಂದಲೇ ಎಫ್‌ಟಿಪಿ ಪಾಸ್‌ವರ್ಡ್‌ಗಳನ್ನು ಕದ್ದು ಅವರ ಜಾಲತಾಣಗಳನ್ನು ಕೆಡಿಸಿತು. ಫೈಲ್‌ಜಿಲ್ಲಾದಲ್ಲಿ ಉಳಿಸಿದ ಪಾಸ್‌ವರ್ಡ್‌ಗಳಿಗೆ ಮುಖ್ಯ ಪಾಸ್‌ವರ್ಡ್ ಒಂದರ ಕಾವಲು ಹಾಕುವ ಸೌಲಭ್ಯ ಬಂದದ್ದು 2017ರಲ್ಲಿ. ಅದನ್ನು ನೀವಾಗಿ ಆರಿಸಿಕೊಳ್ಳಬೇಕು.

ಕಡತ ತಲುಪಿದ ಮೇಲಿನ ತೊಂದರೆಗಳ ಬಗ್ಗೆಯೂ ಪಾಠ ಜಿಪುಣ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಕಡತದ ಹೆಸರಿನಲ್ಲಿ ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತದೆ, ಲಿನಕ್ಸ್ ಬೇರೆ ಬೇರೆ ಎಂದು ಎಣಿಸುತ್ತದೆ. ಮನೆಯಲ್ಲಿ ಚೆನ್ನಾಗಿ ಕಂಡ ಚಿತ್ರ ಸರ್ವರ್‌ನಲ್ಲಿ ಮಾಯವಾಗಲು ಎಷ್ಟೋ ಸಲ ಇದೇ ಕಾರಣ. ಕನ್ನಡದಲ್ಲೇ ಹೆಸರಿಟ್ಟರೆ ಇನ್ನೊಂದು ತಮಾಷೆ. ಯುಟಿಎಫ್-8ರಲ್ಲಿ 'ಕನ್ನಡ' ಎಂಬ ಪದಕ್ಕೆ 15 ಬೈಟ್ ಬೇಕು. ಆ ವಿಳಾಸವನ್ನು ನಕಲು ಮಾಡಿ ಅಂಟಿಸಿದಾಗ ಅದು ಶೇಕಡಾ ಚಿಹ್ನೆಗಳಿಂದ ತುಂಬಿದ 45 ಅಕ್ಷರಗಳ ಬಾಲವಾಗಿ ಬೆಳೆಯಬಹುದು.

ಪುಟ ತೆರೆಯದಿದ್ದರೆ ಕಡತದ ಅನುಮತಿಯನ್ನು 777 ಮಾಡಿ ಎಂಬ ಸಲಹೆ ಇವೆಲ್ಲಕ್ಕಿಂತ ಕೆಟ್ಟದ್ದು. ಓದಲು 4, ಬರೆಯಲು 2, ಚಲಾಯಿಸಲು 1 ಎಂಬ ಲೆಕ್ಕದಲ್ಲಿ 777 ಎಂದರೆ ಆ ಯಂತ್ರದ ಯಾವ ಬಳಕೆದಾರರಾದರೂ ನಿಮ್ಮ ಕಡತವನ್ನು ತಿದ್ದಬಹುದು ಎಂದರ್ಥ. ಸಾಮಾನ್ಯ ಜಾಲತಾಣದಲ್ಲಿ ಕಡತಕ್ಕೆ 644, ಫೋಲ್ಡರ್‌ಗೆ 755 ಸಾಕು.

ಇನ್ನು ಆ 'ಎಳೆದು ಬಿಡುವ' ಕ್ರಿಯೆಯ ಬಗ್ಗೆ. ಅಲ್ಲಿ ಅದೇ ಹೆಸರಿನ ಕಡತವಿದ್ದರೆ, ಮೇಲೆ ಬರೆಯಲೇ ಎಂದು ತಂತ್ರಾಂಶ ಕೇಳುತ್ತದೆ. ಹೌದು ಎಂದಿರೋ, ಹಳೆಯದು ಹೋಯಿತು. ಈ ವರ್ಗಾವಣೆಯಲ್ಲಿ ಕಸದ ಬುಟ್ಟಿ ಇರುವುದಿಲ್ಲ. ಆದ್ದರಿಂದ ಏರಿಸುವ ಮೊದಲು ಬಲಗಡೆಯ ಫೋಲ್ಡರ್ ಪೂರ್ತಿಯಾಗಿ ಎಡಗಡೆಗೆ ಇಳಿಯಲಿ. ಆ ದಿನದ ದಿನಾಂಕ ಹೊತ್ತ ಬೇರೊಂದು ಫೋಲ್ಡರ್‌ಗೆ.